ಗಾಡಿ ಹೆಸರು ಹೇಳಬೇಡಿ, ಅಳತೆ ಹೇಳಿ

ಹಳೇ ಜೀಪಿಗೆ ಬೇರಿಂಗ್ ಹುಡುಕಿದವರಿಗೆಲ್ಲ ಈ ಅನುಭವ ಆಗಿರುತ್ತದೆ. ಕೌಂಟರಿನ ಆಚೆ ಕೂತವರು ಕಂಪ್ಯೂಟರಿನಲ್ಲಿ ಗಾಡಿ ಹೆಸರು ಹೊಡೆಯುತ್ತಾರೆ, ಮಾಡೆಲ್ ಕೇಳುತ್ತಾರೆ, ಆಮೇಲೆ ತಲೆಯನ್ನೂ ಎತ್ತದೆ "ಸಿಗಲ್ಲ ಸಾರ್, ನಿಂತುಹೋಗಿದೆ" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ನಾವು ಕೇಳಿದ ರೀತಿಯೇ ತಪ್ಪು.

ಗೇರು, ಮೀಟರು, ಬಾಡಿ ಸಾಮಾನು ಸಿಗಲ್ಲ ಅಂದರೆ ಒಪ್ಪುತ್ತೇನೆ. ಬೇರಿಂಗ್ ಮತ್ತು ಆಯಿಲ್ ಸೀಲ್ (ತಿರುಗುವ ಶಾಫ್ಟಿನ ಸುತ್ತ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆ) ವಿಷಯದಲ್ಲಿ ಮಾತ್ರ ಅಷ್ಟು ಬೇಗ ಒಪ್ಪಲ್ಲ. ಗಾಡಿ ಕಂಪನಿಗಳು ಇವನ್ನು ಸಾಮಾನ್ಯವಾಗಿ ತಾವೇ ಮಾಡುವುದಿಲ್ಲ. ಬೇರಿಂಗ್ ಕಂಪನಿಯಿಂದ ತಂದು, ತಮ್ಮ ಡಬ್ಬಿಗೆ ಹಾಕಿ, ತಮ್ಮ ನಂಬರ್ ಹೊಡೆಯುತ್ತವೆ. ಆ ನಂಬರ್ ಸತ್ತುಹೋಗಬಹುದು. ಒಳಗಿನ ಬೇರಿಂಗ್ ಯಾವುದೋ ನೀರಿನ ಪಂಪಿನಲ್ಲೋ ಮೋಟರಿನಲ್ಲೋ ಇವತ್ತಿಗೂ ತಿರುಗುತ್ತಿರುತ್ತದೆ.

ಹಾಗಾಗಿ ಮೊದಲ ಕೆಲಸ, ಹಳೇ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು ಅಂಚು ನೋಡುವುದು. ನಂಬರ್ ಸವೆದಿದ್ದರೆ ಸೀಮೆಸುಣ್ಣ ಉಜ್ಜಿ, ಟಾರ್ಚನ್ನು ಓರೆಯಾಗಿ ಹಿಡಿಯಿರಿ. 6206 ಅಂತ ಕಂಡಿತು ಅನ್ನಿ. ಕೊನೆಯ ಎರಡು ಅಂಕಿಯನ್ನು 5ರಿಂದ ಗುಣಿಸಿದರೆ ಒಳವ್ಯಾಸ, 30 ಮಿಮೀ. ಹೊರಗೆ 62, ದಪ್ಪ 16. ಯಾವ ಕಂಪನಿಯದಾದರೂ ಅಷ್ಟೇ. (04ರಿಂದ ಮೇಲಕ್ಕೆ ಮಾತ್ರ ಈ ಲೆಕ್ಕ.) ನಂಬರ್ ಆದಮೇಲೆ ಬರುವ ಅಕ್ಷರಗಳನ್ನೂ ಬರೆದುಕೊಳ್ಳಿ. ಸಿ3 ಅಂದರೆ ಒಳಗೆ ಸ್ವಲ್ಪ ಜಾಸ್ತಿ ಸಡಿಲ. ಎನ್‌ಆರ್ ಅಂದರೆ ಹೊರ ಅಂಚಿನ ಸುತ್ತ ಕಾಲುವೆಯಂಥ ಗೆರೆ ಕೊರೆದು ರಿಂಗ್ ಕೂರಿಸಿದ್ದು. ಗೇರ್‌ಬಾಕ್ಸಿನಲ್ಲಿ ಬೇರಿಂಗನ್ನು ಜಾಗದಲ್ಲಿ ಹಿಡಿಯುವುದೇ ಆ ರಿಂಗು.

ನಾನು ಎಡವಿದ್ದು ಬೇರೆ ಕಡೆ. ಜೀಪಿನ ಮುಂದಿನ ಚಕ್ರದ ನಡುವಿನ ಹಬ್ ಬಿಚ್ಚಿದ್ದೆ. ಬೇರಿಂಗ್ ನೀಲಿ ತಿರುಗಿ, ನಂಬರೇ ಕಾಣುತ್ತಿರಲಿಲ್ಲ. ವರ್ನಿಯರ್ ಹಿಡಿದರೆ ಒಳವ್ಯಾಸ 41.3 ಮಿಮೀ. ಮತ್ತೆ ಹಿಡಿದೆ, ಮತ್ತೆ 41.3. 40 ಉಂಟು, 45 ಉಂಟು, ಇದು ಎಲ್ಲಿಯದು? ಸವೆದಿರಬೇಕು ಅಂದುಕೊಂಡು ಎರಡು ವಾರ 40ರದ್ದನ್ನೇ ಹುಡುಕಿದೆ! ಆಮೇಲೆ ಒಂದು ರಾತ್ರಿ ಸುಮ್ನೆ 25.4ರಿಂದ ಭಾಗಿಸಿ ನೋಡಿದೆ. ಒಂದೂ ಐದೆಂಟಾಂಶ ಇಂಚು, ಕೂದಲೆಳೆಯಷ್ಟು ವ್ಯತ್ಯಾಸದಲ್ಲಿ. ಹೊರಗಿನದು 73.025 ಮಿಮೀ, ಅಂದರೆ ಎರಡೂ ಏಳೆಂಟಾಂಶ. ಇಂಚಿನ ಲೆಕ್ಕದ, ಓರೆ ರೋಲರುಗಳ ಟೇಪರ್ ಬೇರಿಂಗ್ ಅದು. ಒಳಗಿನ ಕೋನ್ 18590, ಹೊರಗಿನ ಕಪ್ 18520. 1941ರ ವಿಲ್ಲೀಸ್ ಮಿಲಿಟರಿ ಜೀಪಿನ ಚಕ್ರದಲ್ಲೂ ಇದೇ ಇತ್ತು. ಈ ನಂಬರ್ ಹೇಳಿ ಕೇಳಿದ ಮೇಲೆ ಅದು ನಾಲ್ಕು ದಿನಕ್ಕೆ ಬಂತು. ಕಪ್ಪಿಗೂ ಕೋನಿಗೂ ಬೇರೆ ಬೇರೆ ನಂಬರ್ ಇರುತ್ತದೆ, ಎರಡನ್ನೂ ಜೊತೆಗೇ ಬದಲಿಸಿ.

ಸೀಲ್ ಇನ್ನೂ ಸುಲಭ, ಆದರೆ ಹಳೇದು ಕೈಯಲ್ಲಿರಬೇಕು. ನನ್ನ ಗಾಡಿ ಬಿಚ್ಚಿದ ಒಬ್ಬ ಮೆಕ್ಯಾನಿಕ್ ಉಳಿಯಲ್ಲಿ ಕುಟ್ಟಿ ಕಿತ್ತು, ಅದನ್ನು ಕಸಕ್ಕೆ ಎಸೆದಿದ್ದ. ಅವತ್ತು ಸಿಟ್ಟು ಬಂದಿದ್ದು ಇನ್ನೂ ಇಳಿದಿಲ್ಲ. ಸೀಲಿನ ಮುಖದ ಮೇಲೆ 35-52-7 ಅನ್ನೋ ಥರ ಬರೆದಿರುತ್ತದೆ: ಶಾಫ್ಟಿನ ವ್ಯಾಸ, ಸೀಲ್ ಕೂರುವ ಹೌಸಿಂಗಿನ ವ್ಯಾಸ, ಸೀಲಿನ ದಪ್ಪ, ಎಲ್ಲ ಮಿಮೀಯಲ್ಲಿ. ಮೊದಲ ಎರಡು ಸರಿಯಾಗಿಯೇ ಇರಬೇಕು. ಹೌಸಿಂಗಿನಲ್ಲಿ ಜಾಗವಿದ್ದರೆ 7ರ ಬದಲು 8 ಆದರೂ ನಡೆಯುತ್ತದೆ. ಆಫ್‌ರೋಡ್ ಹೋಗುವವರು ಧೂಳು ತಡೆಯುವ ಎರಡನೇ ಲಿಪ್ (ಶಾಫ್ಟಿಗೆ ಒತ್ತಿಕೊಳ್ಳುವ ರಬ್ಬರ್ ಅಂಚು) ಇರುವುದನ್ನೇ ಕೇಳಿ, ಅದಕ್ಕೆ ಟಿಸಿ ಅನ್ನುತ್ತಾರೆ. ಬಿಸಿ ಜಾಸ್ತಿ ಇರುವ ಕಡೆ ಮಾಮೂಲಿ ನೈಟ್ರೈಲ್ ರಬ್ಬರಿನ ಬದಲು ಬಿಸಿ ತಡೆಯುವ ವೈಟಾನ್ ರಬ್ಬರಿನದು ಹಾಕಿ. ಅಂದಹಾಗೆ, ಎಷ್ಟೋ ವರ್ಷ ಡಬ್ಬಿಯಲ್ಲಿ ಕೂತಿದ್ದ ಒರಿಜಿನಲ್ ಸೀಲ್ ಸಿಕ್ಕಿತು ಅಂತ ಕುಣಿಯುವವರನ್ನು ಕಂಡರೆ ನನಗೆ ಅಯ್ಯೋ ಅನ್ನಿಸುತ್ತದೆ. ರಬ್ಬರ್ ಕೂತಲ್ಲೇ ಗಟ್ಟಿಯಾಗುತ್ತದೆ. ಹೊಸ ಮಾಮೂಲಿ ಸೀಲೇ ಅದಕ್ಕಿಂತ ವಾಸಿ.

ಹೊಸ ಸೀಲ್ ಹಾಕಿಯೂ ಎಣ್ಣೆ ಒಸರಿದರೆ ಶಾಫ್ಟಿನ ಮೇಲೆ ಉಗುರು ಆಡಿಸಿ. ಸಿಕ್ಕಿಕೊಂಡರೆ ಹಳೇ ಲಿಪ್ ಅಲ್ಲಿ ಗೆರೆ ಕೊರೆದಿದೆ. ಜಾಗವಿದ್ದರೆ ಸೀಲನ್ನು ಒಂದೆರಡು ಮಿಮೀ ಆಚೀಚೆ ಕೂರಿಸಿ. ಇಲ್ಲದಿದ್ದರೆ ಸ್ಪೀಡಿ ಸ್ಲೀವ್ ಅಂತ ಶಾಫ್ಟಿಗೆ ತೊಡಿಸುವ ತೆಳು ಸ್ಟೀಲ್ ಕೊಳವೆ ಬರುತ್ತದೆ. ಅದರ ದಪ್ಪ 0.28 ಮಿಮೀ ಅಷ್ಟೇ, ಸೀಲಿನ ಸೈಜ್ ಬದಲಿಸಬೇಕಿಲ್ಲ. ಶಾಫ್ಟೇ ಸಿಗದ ಗಾಡಿಗೆ ಇದು ದೇವರು ಕೊಟ್ಟ ವರ.

ಇಷ್ಟೆಲ್ಲ ಬರೆದವನ ಕಥೆಯನ್ನೂ ಕೇಳಿ. ನನ್ನ ಹಿಂದಿನ ಆಕ್ಸಲ್ ಸೀಲ್ ಎರಡು ಸಲ ಸೋರಿತು. ಎರಡು ಸಲವೂ ಸೀಲನ್ನೇ ಬೈದು ಬದಲಿಸಿದೆ. ಮೂರನೇ ಸಲ ಕೆಳಗೆ ಮಲಗಿದ್ದಾಗ ಆಕ್ಸಲ್ ಮೇಲಿನ ಬ್ರೀದರ್, ಅಂದರೆ ಒಳಗಿನ ಗಾಳಿ ಹೊರಹೋಗುವ ಸಣ್ಣ ತೂತು, ಕಣ್ಣಿಗೆ ಬಿತ್ತು. ಕೆಸರು ಒಣಗಿ ಕಲ್ಲಾಗಿತ್ತು. ಬಿಸಿಯಾದ ಗಾಳಿಗೆ ಹೋಗಲು ದಾರಿಯಿಲ್ಲದೆ ಸೀಲಿನ ಸಂದಿಯಲ್ಲೇ ಎಣ್ಣೆಯನ್ನು ತಳ್ಳುತ್ತಿತ್ತು. ತಂತಿ ಹಾಕಿ ಚುಚ್ಚಿದೆ, ಬುಸ್ ಅಂತು. ಆಗ ಹಾಕಿದ್ದ ಸೀಲೇ ಈಗಲೂ ಇದೆ, ಒಂದು ಹನಿ ಸೋರಿಲ್ಲ. ಬೈಸಿಕೊಂಡ ಎರಡು ಸೀಲುಗಳು ನನ್ನ ಟೂಲ್ ಡಬ್ಬಿಯಲ್ಲಿ ಹಾಗೇ ಬಿದ್ದಿವೆ.