ಒಂದು ಪದ, ಎರಡು ಅರ್ಥ, ಒಬ್ಬ ಮೇಷ್ಟ್ರು

ಎಡ್ವಿನ್ ರೈಶಾವರ್ ಅಂದರೆ ನನಗೆ ಗೌರವ ಜಾಸ್ತಿ. ಆದರೆ ಸ್ವಲ್ಪ ಸಿಟ್ಟೂ ಇದೆ. ಇವತ್ತು ಎರಡನ್ನೂ ಬರೆದುಬಿಡುತ್ತೇನೆ.

ಅಮೆರಿಕದ ಮಿಷನರಿ ದಂಪತಿಯ ಮಗ. ಹುಟ್ಟಿದ್ದು 1910ರಲ್ಲಿ, ಟೋಕಿಯೋದಲ್ಲಿ. ಮುಂದೆ ಹಾರ್ವರ್ಡ್‌ನಲ್ಲಿ ಮೇಷ್ಟ್ರಾದರು. ಚೀನಾದ ಇತಿಹಾಸ ಬಲ್ಲ ಫೇರ್‌ಬ್ಯಾಂಕ್ ಜೊತೆ ಸೇರಿ ಅವರು ನಡೆಸಿದ ಪೂರ್ವ ಏಷ್ಯಾ ಪಾಠಕ್ಕೆ ಹುಡುಗರು 'ಭತ್ತದ ಗದ್ದೆ' ಅಂತ ಹೆಸರಿಟ್ಟಿದ್ದರಂತೆ. ಕೊರಿಯನ್ ಭಾಷೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಒಂದು ಪದ್ಧತಿಯನ್ನು 1939ರಲ್ಲಿ ಮೆಕ್ಯೂನ್ ಎಂಬುವರ ಜೊತೆ ಸೇರಿ ಪ್ರಕಟಿಸಿದವರೂ ಇವರೇ. ಒಟ್ಟಿನಲ್ಲಿ ಪದಗಳ ಜೊತೆ ಬದುಕಿದ ಮನುಷ್ಯ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1960ರಲ್ಲಿ ಅಮೆರಿಕ-ಜಪಾನ್ ಭದ್ರತಾ ಒಪ್ಪಂದದ ವಿರುದ್ಧ ಟೋಕಿಯೋ ಬೀದಿಗಳು ತುಂಬಿಹೋದವು. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಭೇಟಿಯೇ ರದ್ದಾಯಿತು. ನಾವು ಅಲ್ಲಿನ ಸರ್ಕಾರದ ಜೊತೆ ಮಾತ್ರ ಮಾತಾಡುತ್ತೇವೆ, ವಿರೋಧ ಪಕ್ಷದವರು, ಓದುಬರಹದವರು, ವಿದ್ಯಾರ್ಥಿಗಳ ಜೊತೆ ಮಾತೇ ನಿಂತುಹೋಗಿದೆ ಅಂತ ರೈಶಾವರ್ ಒಂದು ಲೇಖನ ಬರೆದರು. ಮರುವರ್ಷ ಹೊಸ ಅಧ್ಯಕ್ಷ ಕೆನಡಿ ಈ ರೈಶಾವರ್ ಅವರನ್ನೇ ಜಪಾನಿಗೆ ರಾಯಭಾರಿ ಮಾಡಿ ಕಳಿಸಿದರು. ಹೆಂಡತಿ ಹಾರು, ಜಪಾನಿನ ಮಾಜಿ ಪ್ರಧಾನಿ ಮಾತ್ಸುಕಾತಾ ಅವರ ಮೊಮ್ಮಗಳು. ಟೋಕಿಯೋ ಜನಕ್ಕೆ ಮನೆ ಅಳಿಯ ಬಂದ ಹಾಗಾಯಿತು.

1964ರ ಮಾರ್ಚ್‌ನಲ್ಲಿ ರಾಯಭಾರ ಕಚೇರಿಯ ಬಾಗಿಲಲ್ಲೇ ಹತ್ತೊಂಬತ್ತರ ಹುಡುಗನೊಬ್ಬ ಅವರ ತೊಡೆಗೆ ಚೂರಿ ಹಾಕಿದ. ಮಾನಸಿಕ ಕಾಯಿಲೆಯ ಹುಡುಗ. ಇಡೀ ಜಪಾನ್ ನಾಚಿಕೆಯಿಂದ ಕುಗ್ಗಿತು. ಇವರು ಮಾತ್ರ, ಆಸ್ಪತ್ರೆಯಲ್ಲಿ ರಕ್ತ ಹಾಕಿಸಿಕೊಂಡು, ಈಗ ನನ್ನ ಮೈಯಲ್ಲೂ ಜಪಾನಿ ರಕ್ತ ಇದೆ ಅಂತ ತಮಾಷೆ ಮಾಡಿದರು. ಆದರೆ ಕೊಟ್ಟ ರಕ್ತದಲ್ಲೇ ಹೆಪಟೈಟಿಸ್ ಎಂಬ ಲಿವರ್ ಕಾಯಿಲೆ ಇತ್ತು! ಆಗ ಅಲ್ಲಿ ಬಡವರು ದುಡ್ಡಿಗಾಗಿ ಪದೇಪದೇ ರಕ್ತ ಮಾರುತ್ತಿದ್ದರು. ಜನ ಅದನ್ನು 'ಹಳದಿ ರಕ್ತ' ಅನ್ನುತ್ತಿದ್ದರು. ಅದೇ ಆಗಸ್ಟ್‌ನಲ್ಲಿ ಸರ್ಕಾರ ಸ್ವಯಂಪ್ರೇರಿತ ರಕ್ತದಾನದ ಕಡೆ ತಿರುಗಿತು. ಬಡವರ ರಕ್ತ ಕೆಟ್ಟಿದೆ ಅಂತ ಗೊತ್ತಾಗಲು ರಾಯಭಾರಿಯೇ ಮಲಗಬೇಕಾಯಿತು, ಅಲ್ವಾ? ಆ ಕಾಯಿಲೆ ಅವರನ್ನು 1990ರಲ್ಲಿ ಸಾಯುವ ತನಕ ಬಿಡಲಿಲ್ಲ.

ಇಲ್ಲಿಯವರೆಗೆ ಗೌರವ. ಈಗ ಸಿಟ್ಟು.

ಆ 1960ರ ಒಪ್ಪಂದದ ಪ್ರಕಾರ ಜಪಾನಿಗೆ ಅಣ್ವಸ್ತ್ರ ತರುವ ಮುನ್ನ ಅಮೆರಿಕ ಅಲ್ಲಿನ ಸರ್ಕಾರದ ಜೊತೆ ಮಾತಾಡಬೇಕಿತ್ತು. ಆದರೆ 'ತರುವುದು' ಅಂದರೆ ಏನು? ಜಪಾನಿನ ಜನರಿಗೆ, ಅಣ್ವಸ್ತ್ರ ಇರುವ ಹಡಗು ಬಂದರಿಗೆ ಬಂದರೂ ಅದು ತಂದಂತೆಯೇ. ಅಮೆರಿಕದ ಲೆಕ್ಕದಲ್ಲಿ, ನೆಲಕ್ಕಿಳಿಸಿ ಇಟ್ಟರೆ ಮಾತ್ರ ತಂದಂತೆ. 1963ರ ಏಪ್ರಿಲ್‌ನಲ್ಲಿ ರೈಶಾವರ್ ಜಪಾನಿನ ವಿದೇಶಾಂಗ ಮಂತ್ರಿ ಓಹಿರಾ ಅವರನ್ನು ಕಂಡು ಅಮೆರಿಕದ ಅರ್ಥವನ್ನು ಬಿಡಿಸಿ ಹೇಳಿದರು. ಓಹಿರಾ ತಲೆಯಾಡಿಸಿದರು. ಹಿರೋಶಿಮಾ ಕಂಡ ಜನರಿಗೆ ಮಾತ್ರ ಯಾರೂ ಹೇಳಲಿಲ್ಲ. ಮಾತೇ ನಿಂತುಹೋಗಿದೆ ಅಂತ ಬರೆದವರೇ ಸುಮ್ನೆ ಕೂತರು! ಕೆಲಸದ ಮೇಲಿದ್ದಾಗ ಬಾಯಿ ಕಟ್ಟಿತ್ತು, ಒಪ್ಪುತ್ತೇನೆ. ಆದರೆ 1966ರಲ್ಲಿ ಹಾರ್ವರ್ಡ್‌ಗೆ ವಾಪಸಾದ ಮೇಲೆ?

1981ರಲ್ಲಿ ಜಪಾನಿನ ಮೈನಿಚಿ ಪತ್ರಿಕೆಗೆ ಎಲ್ಲ ಹೇಳಿಬಿಟ್ಟರು. ದೊಡ್ಡ ಗಲಾಟೆಯಾಯಿತು. ಸರ್ಕಾರ ಅಂಥದ್ದೇನೂ ಇಲ್ಲ ಎಂದಿತು. ಗುಟ್ಟಿನ ಒಪ್ಪಂದ ಇದ್ದದ್ದು ನಿಜ ಅಂತ ಜಪಾನ್ ಸರ್ಕಾರವೇ ನೇಮಿಸಿದ ತಜ್ಞರು ಹೇಳಿದ್ದು 2010ರಲ್ಲಿ.

ಓಹಿರಾ ಮುಂದೆ ಪ್ರಧಾನಿಯಾದರು. ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು, 1980ರ ಜೂನ್‌ನಲ್ಲಿ. ಮೇಷ್ಟ್ರು ಬಾಯಿ ಬಿಟ್ಟದ್ದು ಮರುವರ್ಷ. ಸುಮ್ನೆ ಕಾಕತಾಳೀಯ ಅಂತ ನನಗಂತೂ ಅನ್ನಿಸುವುದಿಲ್ಲ.