ಎಂಜಿನ್ ಕಾಲಿನ ಕೆಳಗಿನ ತಗಡಿನ ಚೂರುಗಳು

ಮಳೆಗಾಲ ಬಂತೆಂದರೆ ಬೋಟಿನವರು ಎರಡು ತಿಂಗಳು ಹೊದ್ದು ಮಲಗುತ್ತಾರೆ ಎಂದೇ ನನ್ನ ಪೇಟೆಯ ಸ್ನೇಹಿತರು ತಿಳಿದಿದ್ದಾರೆ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ, ಅದು ನಿಜ. ಆದರೆ ಹತ್ತು ತಿಂಗಳು "ಆಮೇಲೆ ನೋಡೋಣ" ಎಂದು ತಳ್ಳಿದ ರಿಪೇರಿಯೆಲ್ಲ ಈ 61 ದಿನಗಳ ತಲೆಯ ಮೇಲೆ ಬಂದು ಕೂರುತ್ತದೆ. ಗಂಗೊಳ್ಳಿಯ ಹೊಳೆ ದಡದಲ್ಲಿ ಟಾರ್ಪಾಲು ಹೊದ್ದು ನಿಂತ ಬೋಟುಗಳ ಹೊಟ್ಟೆಯೊಳಗೆ ಇಡೀ ಜೂನ್ ತಿಂಗಳು ಸುತ್ತಿಗೆಯ ಸದ್ದು.

ಈ ಸಲ ನಮ್ಮ ಬೋಟಿನ ಎಂಜಿನ್ನನ್ನು ನಾವೇ ಇಳಿಸಿದೆವು. ನಾನು, ಅಪ್ಪ, ಭಾವ, ಬೋಟಿನಲ್ಲಿ ದುಡಿಯುವ ಇಬ್ಬರು ಕಲಾಸಿಗಳು. ಚೈನ್ ಪುಲ್ಲಿಯಲ್ಲಿ ಎಂಜಿನ್ ತೂಗುತ್ತಿರುವ ಫೋಟೋ ಹಾಕಿದ್ದೇ ತಡ, ಅರ್ಧ ಜನ "ಎಷ್ಟು ಉಳಿಯಿತು?" ಎಂದು ಕೇಳಿದರು, ಇನ್ನರ್ಧ "ನಿಮಗೆ ಬೇರೆ ಕೆಲಸವಿಲ್ಲವೇ?" ಎಂದರು. ಮೊದಲನೆಯವರಿಗೆ ಉತ್ತರ ಚಿಕ್ಕದು: ಕ್ರೇನಿನ ಬಾಡಿಗೆ, ಬಿಚ್ಚುವ ಕೂಲಿ ಎಲ್ಲ ಲೆಕ್ಕ ಹಾಕಿದರೂ ಹದಿನೈದು ಸಾವಿರ ಉಳಿದಿಲ್ಲ. ಅದರಲ್ಲಿಯೂ ಒಂದು ಪಾಲು ಚಹಾ, ಬನ್ಸ್‌ಗೆ ಹೋಗಿದೆ. ಎರಡನೆಯವರಿಗೆ ಉತ್ತರ ಹೇಳಬೇಕಾದರೆ ಹೋದ ವರ್ಷದ ಕಥೆ ಹೇಳಬೇಕು.

ಹೋದ ಮಳೆಗಾಲದಲ್ಲಿ ಇದೇ ಎಂಜಿನ್ನನ್ನು ಒಂದು ವರ್ಕ್‌ಶಾಪಿನವರು ಇಳಿಸಿ, ರಿಪೇರಿ ಮಾಡಿ, ಮತ್ತೆ ಕೂರಿಸಿದ್ದರು. ಹೆಸರು ಬೇಡ. ಎಂಜಿನ್ ಕೆಲಸ ಚೆನ್ನಾಗಿಯೇ ಮಾಡಿದ್ದರು. ಆದರೆ ಎಂಜಿನ್ನಿನ ನಾಲ್ಕು ಕಾಲುಗಳ ಕೆಳಗೆ ಕೂದಲಿನಷ್ಟು ತೆಳುವಿನಿಂದ ಹಿಡಿದು ಬೆಂಕಿಪೊಟ್ಟಣದ ರಟ್ಟಿನಷ್ಟು ದಪ್ಪದವರೆಗೆ ತಗಡಿನ ಚೂರುಗಳಿರುತ್ತವೆ, ಶಿಮ್ ಎನ್ನುತ್ತಾರೆ. ಯಾವ ಕಾಲಿಗೆ ಎಷ್ಟು ಎಂಬುದು ಒಂದೊಂದು ಬೋಟಿಗೂ ಬೇರೆ. ಮರದ ಬೋಟು ವರ್ಷದಿಂದ ವರ್ಷಕ್ಕೆ ಕುಳಿತಂತೆ, ಬಾಗಿದಂತೆ ಅಪ್ಪ ಅವನ್ನು ಒಂದೊಂದಾಗಿ ಸೇರಿಸುತ್ತಾ ಬಂದಿದ್ದರು. ವರ್ಕ್‌ಶಾಪಿನ ಹುಡುಗರು ತುಕ್ಕು ಎಂದುಕೊಂಡು ಗುಡಿಸಿ ಎಸೆದರು. ಕೂರಿಸುವಾಗ ಕಣ್ಣಳತೆಯಲ್ಲಿ ಹೊಸ ತಗಡು ಇಟ್ಟು ಬೋಲ್ಟು ಬಿಗಿದು ಹೋದರು.

ನವೆಂಬರಿನ ಹೊತ್ತಿಗೆ ಕ್ಯಾಬಿನ್ನಿನ ಹಲಗೆಯ ಮೇಲೆ ಚಹಾದ ಲೋಟ ನಿಲ್ಲದಂತಾಯಿತು. ಎಂಜಿನ್ನಿನ ಗೆರೆಯೂ ಫ್ಯಾನಿನ (ನೀರಿನಡಿ ತಿರುಗಿ ಬೋಟನ್ನು ತಳ್ಳುವ ಪ್ರೊಪೆಲರಿನ) ಶಾಫ್ಟಿನ ಗೆರೆಯೂ ಒಂದೇ ಆಗಿರದಿದ್ದರೆ ಶಾಫ್ಟು ತಿರುಗುತ್ತಲೇ ಬಾಗುತ್ತಿರುತ್ತದೆ. ಶಾಫ್ಟು ಬೋಟಿನ ತಳದಿಂದ ಹೊರಹೋಗುವ ಕಡೆ ನೀರು ಒಳಬರದಂತೆ ತಡೆಯುವ ಗ್ಲ್ಯಾಂಡ್ ಇರುತ್ತದೆ. ಅದರೊಳಗೆ ಗ್ರೀಸು ತುಂಬಿದ ಹುರಿಯನ್ನು ಸುತ್ತಿ ಬಿಗಿದಿರುತ್ತಾರೆ. ನಮ್ಮ ಗ್ಲ್ಯಾಂಡು ಕೈ ಇಡಲಾಗದಷ್ಟು ಕಾಯತೊಡಗಿತು. ನೀರು ಜಾಸ್ತಿ ಬರುತ್ತಿದೆ ಎಂದು ಬಿಗಿದೆವು, ಇನ್ನಷ್ಟು ಕಾಯಿತು, ಹುರಿ ಸುಟ್ಟು ಹೋಯಿತು. ಮಾರ್ಚಿನಲ್ಲಿ ಗೇರ್‌ಬಾಕ್ಸಿನ ಹಿಂಬದಿಯ ಬೇರಿಂಗ್ ಗೊರಗೊರ ಎನ್ನತೊಡಗಿತು, ಸೀಲು ಬಿಟ್ಟು ಆಯಿಲ್ ಸೋರಿತು. ಎಂಜಿನ್ ಆಯಿಲ್‌ನ ಒತ್ತಡವೂ ದಿನ ದಿನಕ್ಕೆ ಇಳಿಯುತ್ತಿತ್ತು. ಮೇ ಕೊನೆಗೆ ಅಪ್ಪ ಹೇಳಿದ್ದು ಒಂದೇ ಮಾತು: "ಈ ಸಲ ಬಿಚ್ಚುವವರೂ ನಾವೇ, ಕೂರಿಸುವವರೂ ನಾವೇ. ನಡುವಿನ ಕೆಲಸ ಯಾರಾದರೂ ಮಾಡಲಿ."

ನನ್ನ ಅಭಿಪ್ರಾಯವೂ ಇಷ್ಟೇ. ಬೋಟಿನ ಎಂಜಿನ್ ರಿಪೇರಿಯಲ್ಲಿ ಮಾಲೀಕ ಕೈ ಹಾಕಬೇಕಾದದ್ದು ಈ ಎರಡು ತುದಿಗಳಿಗೆ. ನಡುವಿನದಕ್ಕೆ ಕೈ ಹಾಕುವ ಶೂರರನ್ನು ಕಂಡರೆ ನನಗೆ ಭಯ. ಡೀಸೆಲ್ ಪಂಪನ್ನು ಮನೆಯ ಜಗಲಿಯಲ್ಲಿ ಬಿಚ್ಚಿದವರನ್ನು ಬಲ್ಲೆ. ಅದನ್ನು ಬೆಂಚಿನ ಮೇಲೆ ಕೂರಿಸಿ, ಒಂದೊಂದು ಸಿಲಿಂಡರಿಗೆ ಎಷ್ಟು ಡೀಸೆಲ್ ಹೋಗುತ್ತದೆ ಎಂದು ಅಳೆಯುವ ಯಂತ್ರವಿಲ್ಲದೆ ಮುಟ್ಟಬಾರದು. ಕ್ರ್ಯಾಂಕ್ ಶಾಫ್ಟು ಸವೆದಿದೆಯೋ ಇಲ್ಲವೋ ಎಂಬುದನ್ನು ಮೈಕ್ರೋಮೀಟರ್ ಹೇಳಬೇಕೇ ಹೊರತು ಹೆಬ್ಬೆರಳಲ್ಲ. ನಮ್ಮದು ಸವೆದಿತ್ತು. ಗ್ರೈಂಡಿಂಗಿಗೆ ಕೊಟ್ಟು 0.25 ಮಿ.ಮೀ. ಕಡಿಮೆ ಅಳತೆಯ ಬೇರಿಂಗ್ ಹಾಕಿಸಿದೆವು. ಆ ವಿಷಯ ಅಲ್ಲಿಗೆ ಮುಗಿಯಿತು.

ಇಳಿಸುವ ಕೆಲಸದಲ್ಲಿ ಬಲಕ್ಕಿಂತ ಗುರುತು ಮುಖ್ಯ. ಮೊದಲು ಬ್ಯಾಟರಿ ತಂತಿ ಬಿಚ್ಚಿ, ಆಮೇಲೆ ಎಂಜಿನ್ ತಣಿಸುವ ಕಡಲ ನೀರಿನ ವಾಲ್ವ್ ಮುಚ್ಚಿದೆವು. ಬೋಟು ದಡದಲ್ಲಿದ್ದರೂ ಮುಚ್ಚಬೇಕು; ಅದು ಮುಚ್ಚುತ್ತದೋ ಇಲ್ಲವೋ ಗೊತ್ತಾಗಲು ವರ್ಷಕ್ಕೆ ಇದೊಂದೇ ದಿನ. ನಮ್ಮದು ಅರ್ಧಕ್ಕೇ ನಿಂತಿತು, ಹೊಸದು ಹಾಕಿಸಿದೆವು. ಡೀಸೆಲ್ ಪೈಪುಗಳ ಬಾಯಿಗೆ ಪ್ಲಾಸ್ಟಿಕ್ ಕಟ್ಟಿದೆವು. ನಾನು ಒಂದೊಂದನ್ನೂ ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗೆದೆ. ಅಪ್ಪನಿಗೆ ಅದರಲ್ಲಿ ನಂಬಿಕೆಯಿಲ್ಲ. ಅವರು ಗೇರ್‌ಬಾಕ್ಸಿನ ಫ್ಲೇಂಜು, ಶಾಫ್ಟಿನ ಫ್ಲೇಂಜು (ಬೋಲ್ಟು ಹಾಕಿ ಎರಡನ್ನೂ ಜೋಡಿಸುವ ಬಿಲ್ಲೆಗಳು) ಎರಡರ ಅಂಚಿಗೂ ಉಳಿಯಿಂದ ಒಂದೇ ಸಾಲಿನಲ್ಲಿ ಗೀಟು ಹೊಡೆದರು. ಆಮೇಲೆ ಮಳೆಗೆ ನೆನೆದು ಮೊಬೈಲು ಎರಡು ದಿನ ಕಣ್ಣು ಬಿಡಲಿಲ್ಲ. ಉಳಿಯ ಗೀಟು ಮಾತ್ರ ಇಟ್ಟಲ್ಲೇ ಇತ್ತು. ಇದನ್ನು ಅಪ್ಪ ಈವರೆಗೆ ಹನ್ನೊಂದು ಜನರಿಗೆ ಹೇಳಿದ್ದಾರೆ.

ಕಾಲುಗಳ ಕೆಳಗಿನ ತಗಡುಗಳನ್ನು ನಾಲ್ಕು ಡಬ್ಬಿಗಳಲ್ಲಿ ಹಾಕಿ "ಮುಂದೆ ಎಡ", "ಹಿಂದೆ ಬಲ" ಎಂದು ಬರೆದಿಟ್ಟೆ. ವರ್ಕ್‌ಶಾಪಿನವರು ಕಣ್ಣಳತೆಯಲ್ಲಿ ಇಟ್ಟ ತಗಡುಗಳಾದರೂ ಇರಲಿ, ತಪ್ಪು ಎಷ್ಟಿತ್ತು ಎಂದು ತಿಳಿಯುವುದಕ್ಕಾದರೂ ಬೇಕಲ್ಲ.

ಎಂಜಿನ್ ಗೇರ್‌ಬಾಕ್ಸ್ ಸೇರಿ ಅರ್ಧ ಟನ್ನಿಗೆ ಹತ್ತಿರ. ಎರಡು ಟನ್ ಎತ್ತಬಲ್ಲ ಚೈನ್ ಪುಲ್ಲಿ, ಅಡ್ಡಕ್ಕೆ ಕಬ್ಬಿಣದ ತೊಲೆ, ತೊಲೆಗೆ ನಾಲ್ಕು ಕಂಬಗಳ ಆಧಾರ. ಕ್ಯಾಬಿನ್ನಿನ ಚಾವಣಿಯ ಒಂದು ತುಂಡು ಮೊದಲೇ ತೆಗೆದಿದ್ದೆವು. ಭಾವ ಚೈನು ಎಳೆಯತೊಡಗಿದ. ಸರಪಳಿ ಬಿಗಿಯಿತು, ತೊಲೆ ಕಿರ್ರೆಂದಿತು, ಎಂಜಿನ್ನಿನ ಮುಂಭಾಗ ಎರಡು ಬೆರಳು ಎದ್ದಿತು. ಹಿಂಭಾಗ ಮಾತ್ರ ಕದಲಲಿಲ್ಲ. "ಇನ್ನೂ ಎಳೆಯಲೇ?" ಎಂದು ಭಾವ ಕೇಳುವಷ್ಟರಲ್ಲಿ ಅಪ್ಪ ಕೂಗಿದರು, "ನಿಲ್ಲಿಸು! ಏಳುತ್ತಿರುವುದು ಎಂಜಿನ್ ಅಲ್ಲ, ಬೋಟು!" ನೋಡಿದರೆ ಹಿಂಬದಿಯ ಬಲಗಾಲಿನ ಬೋಲ್ಟು, ತಳದ ಕೊಳಕು ಆಯಿಲ್ ಮತ್ತು ತುಕ್ಕಿನ ಅಡಿಯಲ್ಲಿ, ಹಾಗೇ ಇತ್ತು. ಮೂರು ಬಿಚ್ಚಿ ನಾಲ್ಕು ಎಂದು ಎಣಿಸಿದವನು ನಾನೇ. ಇನ್ನೂ ನಾಲ್ಕು ಸಲ ಚೈನು ಎಳೆದಿದ್ದರೆ ಎಂಜಿನ್ ಅಡಿಯ ಮರದ ದಿಮ್ಮಿಯೇ ಸೀಳುತ್ತಿತ್ತು. ಆ ಒಂದು ಬೋಲ್ಟಿಗೆ ಡೀಸೆಲ್ ಸುರಿದು, ಬಡಿದು, ಕಾದು ಬಿಚ್ಚುವಾಗ ಊಟದ ಹೊತ್ತು ಮೀರಿತ್ತು.

ಆಮೇಲೆ ಎದ್ದ ಎಂಜಿನ್ ಗೇರ್‌ಬಾಕ್ಸಿನ ಭಾರಕ್ಕೆ ಹಿಂದಕ್ಕೆ ವಾಲಿತು, ಖಾಲಿ ಮಾಡಲು ಮರೆತಿದ್ದ ಗೇರ್ ಆಯಿಲ್ ಡಿಪ್‌ಸ್ಟಿಕ್ಕಿನ ತೂತಿನಿಂದ ಭಾವನ ಕಾಲಿನ ಮೇಲೆ ಸುರಿಯಿತು. ಕಾಲು ಎಂಜಿನ್ನಿನ ಅಡಿಯಲ್ಲಿ ಇರಲಿಲ್ಲ ಎಂಬುದಷ್ಟೇ ಸಮಾಧಾನ. ತೂಗುವ ಎಂಜಿನ್ನಿನ ಕೆಳಗೆ ಕೈಕಾಲು ಚಾಚಬಾರದು ಎಂದು ಬೆಳಗ್ಗೆಯೇ ಅಪ್ಪ ಎಲ್ಲರಿಗೂ ಹೇಳಿದ್ದರು, ನಾವು ಕೇಳಿದ ಒಂದೇ ಮಾತು ಅದು.

ಇದನ್ನೆಲ್ಲ ನೋಡಿ ಪಕ್ಕದ ನಾಡದೋಣಿಯವರು ನಕ್ಕರು. ಮಳೆಗಾಲದಲ್ಲಿ ಹತ್ತು ಅಶ್ವಶಕ್ತಿಯವರೆಗಿನ ದೋಣಿಗಳಿಗೆ ಅವಕಾಶವಿದೆ, ಅವರಿಗೆ ಈಗಲೇ ಸುಗ್ಗಿ. ಎರಡು ಹಿಡಿ ಸ್ಕ್ರೂ ತಿರುಗಿಸಿ, ಔಟ್‌ಬೋರ್ಡ್ ಎಂಜಿನ್ನನ್ನು ಹೆಗಲ ಮೇಲೆ ಹೊತ್ತು ಮನೆಗೆ ಹೋಗುತ್ತಾರೆ, ಸಿಹಿನೀರಿನ ಡ್ರಮ್ಮಿನಲ್ಲಿ ಮುಳುಗಿಸಿ ಒಂದು ಸುತ್ತು ಓಡಿಸಿ ಉಪ್ಪು ತೊಳೆಯುತ್ತಾರೆ. ಅವರ ಹಾಗೆ ದಿನಾ ಎಂಜಿನ್ನಿನ ಮೈ ಸವರುವ ಭಾಗ್ಯ ನಮಗಿಲ್ಲ. ಯೂಟ್ಯೂಬಿನಲ್ಲಿ ವಿಹಾರ ನೌಕೆಯ ಸಣ್ಣ ಎಂಜಿನ್ನನ್ನು ಇಬ್ಬರೇ ನಗುನಗುತ್ತಾ ಎತ್ತುವುದನ್ನು ತೋರಿಸಿ, "ನೋಡಿ, ಎಷ್ಟು ಸುಲಭ" ಎಂದ ತಮ್ಮಂದಿರಿಗೆ ಒಂದು ಮಾತು: ಅವರ ಎಂಜಿನ್ ಇಬ್ಬರು ಎತ್ತುವಷ್ಟು, ನಮ್ಮದು ಹಾಗಲ್ಲ.

ಕೂರಿಸುವ ಕೆಲಸಕ್ಕೆ ಅವಸರ ಮಾಡಲಿಲ್ಲ. ದಡದ ಮೇಲೆ ಎರಡು ತಿಂಗಳು ಒಣಗಿದ ಮರದ ಬೋಟಿನ ಆಕಾರವೇ ಬೇರೆ, ನೀರಿನಲ್ಲಿ ತೇಲುವ ಬೋಟಿನ ಆಕಾರವೇ ಬೇರೆ. ದಡದಲ್ಲಿ ಅಂದಾಜಿಗೆ ಕೂರಿಸಿ, ಬೋಲ್ಟು ಸಡಿಲವಾಗಿಯೇ ಬಿಟ್ಟೆವು. ಜುಲೈ ಕೊನೆಯ ವಾರ ಹೊಳೆಗೆ ಇಳಿಸಿದ ಮೇಲೆ ಹಲಗೆಗಳು ನೀರು ಕುಡಿದು ಉಬ್ಬುವವರೆಗೆ ಎರಡು ದಿನ ಕಾದೆವು, ಆ ಎರಡು ದಿನವೂ ಪಂಪು ಓಡುತ್ತಿತ್ತು. ಹೋದ ವರ್ಷ ಈ ಕಾಯುವಿಕೆಗೇ ಯಾರಿಗೂ ಪುರುಸೊತ್ತು ಇರಲಿಲ್ಲ.

ಮೂರನೆಯ ದಿನ ಬೆಳಗ್ಗೆ ಎರಡು ಫ್ಲೇಂಜುಗಳನ್ನು ಬೋಲ್ಟು ಹಾಕದೆ ಮುಖಕ್ಕೆ ಮುಖ ತಾಗಿಸಿ, ನಡುವೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಎಲೆಗಳ ಅಳತೆಪಟ್ಟಿ) ತೂರಿಸಿದೆವು. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ. ಮೆಕ್ಯಾನಿಕ್‌ಗಳ ಲೆಕ್ಕದಲ್ಲಿ ಫ್ಲೇಂಜಿನ ಅಡ್ಡಳತೆಯ ಒಂದೊಂದು ಇಂಚಿಗೆ ಒಂದು ಥೌ, ಅಂದರೆ ಇಂಚಿನ ಸಾವಿರ ಪಾಲಿನಲ್ಲಿ ಒಂದು ಪಾಲು, ವ್ಯತ್ಯಾಸ ಇರಬಹುದು. ನಮ್ಮದು ಆರಿಂಚಿನ ಫ್ಲೇಂಜು. ಆರು ಥೌ ಎಂದರೆ ಸುಮಾರು 0.15 ಮಿ.ಮೀ. ಹೋದ ವರ್ಷದ ತಗಡುಗಳ ಮೇಲೆ ಕೂರಿಸಿದಾಗ ಕೆಳಗಡೆ ಸಿಕ್ಕ ಸಂದು ಎಷ್ಟು ಗೊತ್ತೇ? ಗೇಜಿನ ಎಲೆಗಳನ್ನು ಜೋಡಿಸಿ ಜೋಡಿಸಿ ಇಪ್ಪತ್ತೆಂಟು ಥೌವರೆಗೆ ಹೋದೆವು. ಶಾಫ್ಟನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ನೋಡಿದೆವು. ಸಂದು ಶಾಫ್ಟಿನ ಜೊತೆ ತಿರುಗಿದರೆ ಶಾಫ್ಟೋ ಅದರ ಫ್ಲೇಂಜೋ ಬಾಗಿದೆ ಎಂದು ಅರ್ಥ. ತಿರುಗಲಿಲ್ಲ, ಕೆಳಗೇ ನಿಂತಿತು. ತಪ್ಪು ಎಂಜಿನ್ ಕೂತ ರೀತಿಯದ್ದೇ. ಅಲ್ಲಿಂದ ಸಂಜೆಯವರೆಗೆ ಜಾಕ್ ಕೊಟ್ಟು ಎತ್ತುವುದು, ತಗಡು ಸೇರಿಸುವುದು, ಇಳಿಸುವುದು, ಅಳೆಯುವುದು. ಒಂದು ಕಾಲಿಗೆ ಸೇರಿಸಿದರೆ ಇನ್ನೊಂದು ಕಡೆ ಕೆಡುತ್ತದೆ. ಐದು ಥೌಗೆ ಬಂದು ನಿಂತಾಗ ಹೊರಗೆ ಕತ್ತಲಾಗಿತ್ತು, ಬೋಲ್ಟು ಬಿಗಿದ ಮೇಲೆ ಮತ್ತೊಮ್ಮೆ ಅಳೆದೆವು. ಬಿಗಿಯುವಾಗ ಅಳತೆ ಬದಲಾಗುವುದುಂಟು.

ಬೋಟನ್ನು ದಕ್ಕೆಗೆ ಕಟ್ಟಿದಂತೆಯೇ ಎಂಜಿನ್ ಚಾಲೂ ಮಾಡಿ ಗೇರ್ ಹಾಕಿದೆ. ಹಗ್ಗ ಬಿಗಿಯಿತು, ಹಿಂದೆ ನೀರು ಕದಡಿತು. ಅಪ್ಪ ಟಾರ್ಚು ಹಿಡಿದು ಕೆಳಗಿಳಿದು ಗ್ಲ್ಯಾಂಡಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತರು. ಗ್ಲ್ಯಾಂಡು ಪೂರ್ತಿ ಒಣಗಿರಬಾರದು, ಶಾಫ್ಟು ತಿರುಗುವಾಗ ಅಲ್ಲೊಂದು ಇಲ್ಲೊಂದು ಹನಿ ಬೀಳುತ್ತಿರಬೇಕು, ಆ ಹನಿಯೇ ಅದನ್ನು ತಣ್ಣಗಿಡುವುದು. ಕಾಲು ಗಂಟೆ ಓಡಿದ ಮೇಲೆ ನಾನೂ ಇಳಿದು ಅಂಗೈ ಇಟ್ಟೆ. ಹೊಳೆಯ ನೀರಿನಷ್ಟೇ ತಣ್ಣಗಿತ್ತು.

"ನಿಮಿಷಕ್ಕೆ ಏಳು ಹನಿ," ಎಂದರು ಅಪ್ಪ.

"ಹಾಗಾದರೆ ಬಂದ್ ಮಾಡಲೇ?"

"ಇರು, ಇನ್ನೊಂದು ನಿಮಿಷ ಎಣಿಸುತ್ತೇನೆ."