ಕಡ್ಡಿ ಇಲ್ಲದ ಲಾರಿ

ನಿಂತ ಲಾರಿಯಿಂದ ಸಾಮಾನು ಕಳುವಾಗುವುದಕ್ಕೂ ಒಂದು ಕ್ರಮ ಇದೆ. ಮೊದಲು ಬ್ಯಾಟರಿ ಹೋಗುತ್ತದೆ. ಆಮೇಲೆ ಸ್ಟೆಪ್ನಿ, ಹಾರನ್, ಕನ್ನಡಿ, ಡೀಸೆಲ್ ಟ್ಯಾಂಕಿನ ಮುಚ್ಚಳ. ಇವನ್ನೆಲ್ಲ ಮಾರಿದರೆ ನಾಲ್ಕು ಕಾಸು ಸಿಗುತ್ತದೆ, ಹಾಗಾಗಿ ಕದ್ದವನ ಮೇಲೆ ಸಿಟ್ಟು ಬಂದರೂ ಅವನ ಲೆಕ್ಕಾಚಾರ ಅರ್ಥವಾಗುತ್ತದೆ. ಆದರೆ ಎಂಜಿನ್ ಆಯಿಲ್ ನೋಡುವ ಕಡ್ಡಿಯನ್ನು ಯಾರು ಒಯ್ಯುತ್ತಾರೆ? ಗುಜರಿಗೆ ಹಾಕಿದರೆ ಅರ್ಧ ಟೀಗೂ ಆಗುವುದಿಲ್ಲ. ಬೆನ್ನು ತುರಿಸಿಕೊಳ್ಳೋಕೆ ಒಯ್ದಿರಬಹುದು ಅಂತ ನನ್ನ ಅನುಮಾನ.

ತಿಪಟೂರಿನ ಹತ್ತಿರ ಗೆಳೆಯನ ತೋಟದ ಶೆಡ್ಡಿನಲ್ಲಿ ನಿಂತಿರುವ ಲಾರಿಯ ಕಥೆ ಇದು. ಟಾಟಾ ಮರ್ಸಿಡಿಸ್ ಬೆಂಜ್. ಉದ್ದ ಮೂತಿ, ದುಂಡು ಮಡ್‌ಗಾರ್ಡು. ನಂಬರ್ ಪ್ಲೇಟು ಇನ್ನೂ ಎಂವೈ ಅಂತಲೇ ಶುರುವಾಗುತ್ತದೆ, ಅಂದರೆ ಮೈಸೂರು, 1973ರಲ್ಲಿ ಕರ್ನಾಟಕ ಆಗುವ ಮೊದಲು ನಮ್ಮ ರಾಜ್ಯಕ್ಕಿದ್ದ ಹೆಸರು. ಗೆಳೆಯನ ತಂದೆ ಇದರಲ್ಲಿ ಕೊಬ್ಬರಿ ಚೀಲ ಹೇರಿಕೊಂಡು ಬಿ.ಎಚ್. ರಸ್ತೆಯನ್ನು ಸವೆಸಿದವರು. ಅವರು ಹೋದ ಮೇಲೆ ಲಾರಿಯೂ ನಿಂತಿತು. ಈಗ ಮಗನಿಗೆ ಅದನ್ನು ಮತ್ತೆ ಓಡಿಸುವ ಹುಚ್ಚು.

ಈ ಲಾರಿಗಳ ಹಿನ್ನೆಲೆ ಗೊತ್ತಿರುವವರು ಈಗ ಕಡಿಮೆ. ಟಾಟಾದ ಟೆಲ್ಕೋ ಕಂಪನಿ 1954ರಲ್ಲಿ ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಕೈಜೋಡಿಸಿ ಜಮ್‌ಶೆಡ್‌ಪುರದಲ್ಲಿ ಲಾರಿ ಕಟ್ಟಲು ಶುರುಮಾಡಿತು. 1969ರಲ್ಲಿ ಒಪ್ಪಂದ ಮುಗಿಯಿತು. ಲಾರಿಯ ಮುಂದಿದ್ದ ಮೂರು ಮೊನೆಯ ನಕ್ಷತ್ರ ಹೋಗಿ ಟಾಟಾದವರ ಟಿ ಅಕ್ಷರ ಬಂತು. ಆದರೆ ಜನರ ಬಾಯಲ್ಲಿ ಅದು ಎಷ್ಟೋ ವರ್ಷ ಬೆಂಜ್ ಲಾರಿಯಾಗಿಯೇ ಉಳಿಯಿತು. ಈಗ ಬೆಂಜ್ ಅಂದರೆ ಕಣ್ಣ ಮುಂದೆ ಬರುವುದು ಮಂತ್ರಿಗಳ ಕಾರು. ನಮ್ಮ ಕಡೆ ಆಗ ಬೆಂಜಿನಲ್ಲಿ ಹೋಗುತ್ತಿದ್ದದ್ದು ಕೊಬ್ಬರಿ.

ಗೆಳೆಯ ಮೊದಲು ಹುಡುಕಿದ್ದೇ ಆ ನಕ್ಷತ್ರವನ್ನು. ಹುಡುಕಿ, ಚೌಕಾಸಿ ಮಾಡಿ, ಕ್ರೋಮ್ ಪಾಲಿಶ್ ಹಾಕಿಸಿ, ಹೊಸ ಬಟ್ಟೆಯಲ್ಲಿ ಸುತ್ತಿ ಮನೆಯ ಬೀರುವಿನಲ್ಲಿ ಇಟ್ಟಿದ್ದ. ಹಳೇ ಗಾಡಿ ರಿಪೇರಿ ಮಾಡಿಸುವವರೆಲ್ಲ ಹೀಗೇ. ಹೊರಗೆ ಹೊಳೆಯುವುದನ್ನು ಮೊದಲು ತಂದುಬಿಡುತ್ತಾರೆ. ಬಾನೆಟ್ ಎತ್ತಿ ಒಳಗೆ ಬಗ್ಗಿ ನೋಡಿದ್ದು ಮೇಸ್ತ್ರಿ. ಆಯಿಲ್ ಕಡ್ಡಿ ಇರಬೇಕಾದ ತೂತಿಗೆ ಯಾರೋ ಮರದ ಬಿರಡೆ ಕೆತ್ತಿ, ತೆಂಗಿನ ನಾರು ಸುತ್ತಿ ಬಡಿದಿದ್ದರು. ನಾರು ಎಣ್ಣೆ ಕುಡಿದು ಕಪ್ಪಾಗಿ, ಬಿರಡೆಯ ಜೊತೆ ಒಂದೇ ಆಗಿಹೋಗಿತ್ತು. ಕೆತ್ತಿದವನು ಕೆಲಸ ಬಲ್ಲವನೇ ಇರಬೇಕು. ಎಷ್ಟು ಬಿಗಿಯಾಗಿತ್ತೆಂದರೆ, ತೆಗೆಯುವಾಗ ನಾರು ಒಳಗೆ ಬಿದ್ದೀತೆಂದು ಮೇಸ್ತ್ರಿ ಉಸಿರು ಬಿಗಿಹಿಡಿದು ಇಕ್ಕಳದಲ್ಲಿ ತಿರುಗಿಸುತ್ತಿದ್ದರು. ಒಳಗೆ ಬಿದ್ದರೆ ಅದು ಆಯಿಲ್ ಪಂಪಿನ ಜಾಲರಿಗೆ ಹೋಗಿ ಕೂರುತ್ತದೆ. ಆಮೇಲೆ ಎಂಜಿನ್ನಿಗೆ ಎಣ್ಣೆ ಹತ್ತುವುದಿಲ್ಲ.

"ಇದನ್ನು ಹಾಕಿಕೊಂಡೇ ಎಷ್ಟು ದಿನ ಓಡಿಸಿದ್ದಾರೋ" ಅಂದರು.

ಓಡಿಸಿರುತ್ತಾರೆ, ಅದೇ ತಮಾಷೆ. ಈ ಕಡ್ಡಿ ಎಂಜಿನ್ನಿನಲ್ಲಿ ಒಂದು ಕೆಲಸವನ್ನೂ ಮಾಡುವುದಿಲ್ಲ. ತಿರುಗುವುದಿಲ್ಲ, ಉರಿಯುವುದಿಲ್ಲ, ಏನನ್ನೂ ಹಿಡಿದುಕೊಂಡಿರುವುದಿಲ್ಲ. ಅದು ಇಲ್ಲದಿದ್ದರೂ ಲಾರಿ ಸ್ಟಾರ್ಟ್ ಆಗುತ್ತದೆ, ಗೇರ್ ಬೀಳುತ್ತದೆ, ಘಾಟಿ ಹತ್ತುತ್ತದೆ. ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳುವುದಷ್ಟೇ ಅದರ ಕೆಲಸ. ಅಂಥವರು ಕಾಣೆಯಾದರೆ ಯಾರಿಗೂ ಬೇಗ ಗೊತ್ತಾಗುವುದಿಲ್ಲ, ಅಲ್ವಾ?

ಅದು ಹೇಳುವ ವಿಷಯವೂ ಸಣ್ಣದಲ್ಲ. ಕಡ್ಡಿಯ ತುದಿಯ ಹತ್ತಿರ ಎರಡು ಗೆರೆ ಇರುತ್ತವೆ, ಎಣ್ಣೆಯ ಮಟ್ಟ ಅವುಗಳ ನಡುವೆ ಇರಬೇಕು. ಕೆಳಗಿನ ಗೆರೆಗಿಂತ ಎಣ್ಣೆ ಇಳಿದರೆ ಪಂಪು ಗಾಳಿ ಎಳೆಯುತ್ತದೆ, ಬೇರಿಂಗು ಸುಡುತ್ತದೆ. ಇದು ಎಲ್ಲರಿಗೂ ಗೊತ್ತು. ಜಾಸ್ತಿಯಾದರೂ ಕಷ್ಟ ಅನ್ನುವುದು ಗೊತ್ತಿರುವವರು ಕಡಿಮೆ. ಎಣ್ಣೆ ಮೇಲೆ ಬಂದು, ಪಿಸ್ಟನ್ನುಗಳು ತಿರುಗಿಸುವ ದಂಡವಾದ ಕ್ರ್ಯಾಂಕಿಗೆ ತಾಗಿದರೆ ಅದು ಕಡೆದು ಕಡೆದು ನೊರೆ ಎಬ್ಬಿಸುತ್ತದೆ. ನೊರೆಯಲ್ಲಿ ಗಾಳಿಯೇ ಜಾಸ್ತಿ, ಬೇರಿಂಗಿಗೆ ಅದರಿಂದ ಏನೂ ಸಿಗುವುದಿಲ್ಲ. ಇನ್ನು, ಯಾರೂ ಎಣ್ಣೆ ಹಾಕದೆ ಮಟ್ಟ ತಾನಾಗಿ ಏರುತ್ತಿದ್ದರೆ ಸಂತೋಷಪಡಬೇಡಿ. ಡೀಸೆಲ್ಲೋ ರೇಡಿಯೇಟರ್ ನೀರೋ ಎಲ್ಲೋ ಒಳಗೆ ಸೋರುತ್ತಿದೆ ಅಂತ ಅರ್ಥ. ನೀರು ಸೇರಿದರೆ ಎಣ್ಣೆಗೆ ಹಾಲು ಬೆರೆಸಿದ ಕಾಫಿ ಬಣ್ಣ ಬರುತ್ತದೆ. ಡೀಸೆಲ್ ಸೇರಿದ್ದನ್ನು ಹಳೇ ಡ್ರೈವರುಗಳು ಕಡ್ಡಿಯ ತುದಿಯನ್ನು ಮೂಗಿಗೆ ಹಿಡಿದೇ ಹೇಳುತ್ತಿದ್ದರು. ಬರೀ ಕಪ್ಪಾಗಿದ್ದರೆ ಅವರು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಎಣ್ಣೆಯೂ ಮಸಿ ಹಿಡಿದು ಬೇಗನೆ ಕಪ್ಪಾಗುತ್ತದೆ.

ಸರಿ, ಕಡ್ಡಿ ತರಬೇಕು. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆವು. ಗಾಡಿ ಸಾಮಾನಿಗೆ ಆ ರಸ್ತೆ ಬಿಟ್ಟರೆ ಇಲ್ಲ. ಆದರೆ ಅಲ್ಲಿಯ ಹೊಸ ಅಂಗಡಿಗಳಲ್ಲಿ ಕಂಪ್ಯೂಟರಿಗೆ ಪಾರ್ಟ್ ನಂಬರ್ ಕೊಡಬೇಕು. ನಮ್ಮ ಹತ್ತಿರ ಇದ್ದದ್ದು ಒಂದು ತೂತಿನ ಫೋಟೋ. ಕೌಂಟರಿನ ಹುಡುಗ ಫೋಟೋವನ್ನು ಹಿಗ್ಗಿಸಿ ನೋಡಿ, ನಮ್ಮನ್ನು ಇನ್ನೂ ಹಿಗ್ಗಿಸಿ ನೋಡಿ, "ಶಿವಾಜಿನಗರ ಗುಜರಿಗೆ ಹೋಗಿ ಸಾರ್" ಅಂದ.

ಗುಜರಿಯಲ್ಲಿ ಒಬ್ಬ ಸಾಬರು ಕೇಳಿದ್ದೇ ತಡ, ಒಂದು ತಗಡಿನ ಡಬ್ಬಿ ಎಳೆದು ನೆಲಕ್ಕೆ ಸುರಿದರು. ಎಲ್ಲ ಕಡ್ಡಿಗಳೇ. ಉದ್ದ, ಗಿಡ್ಡ, ಚಪ್ಪಟೆ, ದುಂಡು, ತುದಿಗೆ ಬಳೆ ಇದ್ದದ್ದು, ಕೊಕ್ಕೆ ಇದ್ದದ್ದು. "ಆರಿಸ್ಕೊಳ್ಳಿ, ಯಾವುದಾದ್ರೂ ಕೂರುತ್ತೆ" ಅಂದರು. ಅವರ ಮಾತು ನಿಜ. ಊರಿಗೆ ತಂದ ಒಂದು ಕಡ್ಡಿ ತೂತಿಗೆ ಹೇಳಿ ಮಾಡಿಸಿದ ಹಾಗೆ ಕೂತಿತು. ಗೆಳೆಯನ ಮುಖ ಅರಳಿತು. ಮೇಸ್ತ್ರಿ ಮಾತ್ರ ಅದನ್ನು ಎಳೆದು ತೆಗೆದು ಪಕ್ಕಕ್ಕೆ ಇಟ್ಟರು.

"ಕೂತಿದ್ದು ಮೇಲಿನ ಟೋಪಿ. ಗೆರೆ ಯಾವ ಎಂಜಿನ್ನಿಂದು?"

ಅಲ್ಲಿದೆ ಪೇಚು. ಬೇರೆ ಯಾವ ಪಾರ್ಟು ತಪ್ಪಾಗಿದ್ದರೂ ಅದು ಕೂರುವುದಿಲ್ಲ, ಇಲ್ಲವೇ ಸದ್ದು ಮಾಡುತ್ತದೆ, ಸೋರುತ್ತದೆ, ಹೇಗೋ ತನ್ನ ತಪ್ಪನ್ನು ತಾನೇ ಸಾರುತ್ತದೆ. ಬೇರೆ ಎಂಜಿನ್ನಿನ ಕಡ್ಡಿ ಹಾಗಲ್ಲ. ಸಲೀಸಾಗಿ ಕೂತು, ಠೀವಿಯಿಂದ ಸುಳ್ಳು ಹೇಳುತ್ತದೆ. ತುಂಬಿದೆ ಅನ್ನುತ್ತದೆ, ಕೆಳಗೆ ಬರಿದಾಗಿರುತ್ತದೆ. ಬಿರಡೆಯೇ ವಾಸಿ. ಅದು ಏನೂ ಹೇಳುತ್ತಿರಲಿಲ್ಲ, ಆದ್ದರಿಂದ ಡ್ರೈವರ್ ಭಯದಲ್ಲಾದರೂ ಇರುತ್ತಿದ್ದ. ತೂಕದ ಬಟ್ಟಿಗೆ ಸರ್ಕಾರದ ಮುದ್ರೆ ಬೇಕು ಅಂತ ಕೊಬ್ಬರಿ ಮಾರುಕಟ್ಟೆಯಲ್ಲಿ ಹುಟ್ಟಿ ಬೆಳೆದ ನನ್ನ ಗೆಳೆಯನಿಗೆ ಹೇಳಿಕೊಡಬೇಕಾಗಿರಲಿಲ್ಲ. ಸುಮ್ಮನಾದ.

ಮೇಸ್ತ್ರಿ ಆ ಕಡ್ಡಿಯ ಟೋಪಿಯನ್ನಷ್ಟೇ ಉಳಿಸಿಕೊಂಡರು. ಅದಕ್ಕೆ ಉದ್ದನೆಯ ಸ್ಪ್ರಿಂಗ್ ಪಟ್ಟಿಯೊಂದನ್ನು ಬೆಸುಗೆ ಹಾಕಿಸಿದರು. ಉದ್ದವನ್ನೂ ಅಂದಾಜಿನಲ್ಲಿ ಬಿಡುವಂತಿಲ್ಲ. ಈ ಎಂಜಿನ್ 4.6 ಲೀಟರಿನದು, ಆರು ಸಿಲಿಂಡರ್, ಪಿಸ್ಟನ್ನು ಮೇಲಿಂದ ಕೆಳಕ್ಕೆ 120 ಮಿಲಿಮೀಟರ್ ಓಡಾಡುತ್ತದೆ. ಅಷ್ಟು ದೊಡ್ಡ ಕ್ರ್ಯಾಂಕ್ ಸುತ್ತುವ ದಾರಿಗೆ ಪಟ್ಟಿ ಅಡ್ಡ ಬಂದರೆ ತುಂಡಾಗಿ ಚೇಂಬರಿಗೆ, ಅಂದರೆ ಎಂಜಿನ್ನಿನ ತಳದ ಎಣ್ಣೆ ತೊಟ್ಟಿಗೆ ಬೀಳುತ್ತದೆ. ಪಟ್ಟಿಗೆ ಚೂರು ಬಾಗು ಕೊಟ್ಟು, ಒಳಗೆ ಬಿಟ್ಟು, ಎಂಜಿನ್ನನ್ನು ಹ್ಯಾಂಡಲಿನಲ್ಲಿ ನಿಧಾನವಾಗಿ ತಿರುಗಿಸಿ, ಎಲ್ಲಿಯೂ ತಾಗುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡರು. ಆಮೇಲೆ ತಳಕ್ಕೆ ಬಡಿಯದ ಹಾಗೆ ತುದಿ ಕತ್ತರಿಸಿದರು.

ಇನ್ನು ಗೆರೆ. ಚೇಂಬರಿನ ಎಣ್ಣೆಯನ್ನೆಲ್ಲ ಇಳಿಸಿದರು. ಲಾರಿಯ ನಾಲ್ಕೂ ಮೂಲೆ ಸಮ ಇದೆಯೇ ಅಂತ ಗಾರೆ ಕೆಲಸದವರ ರಸಮಟ್ಟ ತಂದು ಛಾಸಿಯ ಮೇಲೆ ಇಟ್ಟು ನೋಡಿದರು. ಹಳೇ ಕೈಪಿಡಿಯಲ್ಲಿ ಎಣ್ಣೆ ಎಷ್ಟು ಹಿಡಿಯುತ್ತದೆ ಎಂಬ ಲೆಕ್ಕ ಇತ್ತು. ಕನಿಷ್ಠ ಎಷ್ಟಿರಬೇಕೋ ಅಷ್ಟನ್ನು ಅಳೆದು ಹಾಕಿ, ಒಂದು ಗಳಿಗೆ ಎಂಜಿನ್ ಓಡಿಸಿ, ನಿಲ್ಲಿಸಿ ಬೀಡಿ ಹಚ್ಚಿದರು. ಮೇಲೆ ಹೋದ ಎಣ್ಣೆಯೆಲ್ಲ ಇಳಿಯುವುದಕ್ಕೆ ಒಂದು ಬೀಡಿ ಸೇದುವಷ್ಟು ಹೊತ್ತು ಬೇಕಂತೆ. ಬೀಡಿ ಮುಗಿದ ಮೇಲೆ ಪಟ್ಟಿಯನ್ನು ಬನಿಯನ್ ವೇಸ್ಟಿನಲ್ಲಿ ಒರೆಸಿ, ಒಳಗೆ ಬಿಟ್ಟು, ಎತ್ತಿ, ಎಣ್ಣೆಯ ಅಂಚು ನಿಂತ ಕಡೆ ಅರದಿಂದ ಗೆರೆ ಎಳೆದರು. ಉಳಿದ ಎಣ್ಣೆ ಹಾಕಿ ಮತ್ತೆ ಅದೇ ಶಾಸ್ತ್ರ, ಮತ್ತೆ ಬೀಡಿ, ಮೇಲಿನ ಗೆರೆ. ಅರ ಜಾಸ್ತಿ ಒತ್ತಲಿಲ್ಲ. ಆಳವಾಗಿ ಕೊರೆದರೆ ಪಟ್ಟಿ ಅಲ್ಲೇ ಮುರಿಯುತ್ತದಂತೆ.

ಗೆಳೆಯ ನಡುವೆ ಇನ್ನೊಂದು ಗೆರೆ ಹಾಕಿ ಅಂದ. ಅರ್ಧ ಗೊತ್ತಾಗಲಿ ಅಂತ. ಮೇಸ್ತ್ರಿ ಒಪ್ಪಲಿಲ್ಲ. "ಎರಡು ಗೆರೆ ನೋಡೋಕೇ ಯಾರಿಗೂ ಪುರುಸೊತ್ತಿಲ್ಲ, ಮೂರನೇದು ಯಾಕೆ" ಅಂದರು.

ಈಗ ಲಾರಿ ಓಡುತ್ತಿದೆ. ಆಯುಧಪೂಜೆಗೆ ನಕ್ಷತ್ರವನ್ನೂ ಬೀರುವಿನಿಂದ ತೆಗೆದು ಮೂತಿಗೆ ಹಾಕಿದ್ದಾನೆ. ಆದರೆ ಮನೆಗೆ ಬಂದವರಿಗೆ ಅವನು ತೋರಿಸುವುದು ಕಡ್ಡಿಯನ್ನು. ಎಳೆಯುತ್ತಾನೆ, ಒರೆಸುತ್ತಾನೆ, ಬಿಡುತ್ತಾನೆ, ಎತ್ತಿ ಬೆಳಕಿಗೆ ಹಿಡಿದು ಎರಡು ಗೆರೆಗಳ ಚರಿತ್ರೆ ಶುರುಮಾಡುತ್ತಾನೆ. ಹಿಂಗೆ ದಿನಾ ಒರೆಸಿದರೆ ಎಣ್ಣೆಯೆಲ್ಲ ಬಟ್ಟೆಗೇ ಹೋಗುತ್ತೆ ಅಂತ ಮೇಸ್ತ್ರಿ ಬೈಯುತ್ತಿರುತ್ತಾರೆ.